ಮಲ್ಪೆಯ ನಮ್ಮ ಅಂಗಡಿಯಲ್ಲಿ ವೈನ್ ಸಾಫ್ಟ್‌ವೇರ್: ನಾಲ್ಕು ಸೀಸನ್ ಬಳಸಿದ ಮೇಲೆ

ಮಲ್ಪೆಯಲ್ಲಿ ನಮ್ಮದು ಬೋಟ್ ಇಂಜಿನ್ ಸ್ಪೇರ್ ಪಾರ್ಟ್ಸ್ ಅಂಗಡಿ. ವ್ಯಾಪಾರ ಜಾಸ್ತಿ ಸಾಲದ್ದೇ. ಮೀನು ಹರಾಜಾದ ಮೇಲೆ ದುಡ್ಡು ಬರುತ್ತದೆ. ಅದಕ್ಕೇ ಒಂದೊಂದು ಬೋಟಿಗೂ ಒಂದೊಂದು ಖಾತೆ. 2006ರಲ್ಲಿ ಪರಿಚಯದ ಹುಡುಗನೊಬ್ಬ ವಿಷುವಲ್ ಬೇಸಿಕ್ 6 (ವಿಬಿ6) ಎಂಬ ಹಳೆ ಪ್ರೋಗ್ರಾಮಿಂಗ್ ಭಾಷೆಯಲ್ಲಿ ವಿಂಡೋಸಿಗೆಂದು ಬರೆದುಕೊಟ್ಟ ಪ್ರೋಗ್ರಾಂನಲ್ಲೇ ಎಲ್ಲ ಲೆಕ್ಕ. ಅವನು ಈಗ ಗಲ್ಫ್‌ನಲ್ಲಿದ್ದಾನೆ. ಬದಲಾಯಿಸೋಣವೆಂದರೆ ಇಷ್ಟು ವರ್ಷಗಳ ಲೆಕ್ಕ ಅದರೊಳಗಿದೆ.

ನಮ್ಮ ಕಂಪ್ಯೂಟರಿನಲ್ಲಿದ್ದ ವಿಂಡೋಸ್ 7ಕ್ಕೆ ಅಪ್‌ಡೇಟ್ ಬರುವುದು 2020ರ ಜನವರಿಗೇ ನಿಂತಿತ್ತು. 2021ರಲ್ಲಿ ಹಾರ್ಡ್ ಡಿಸ್ಕ್ ಕೂಡ ಕೈಕೊಟ್ಟಿತು. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲಿಂಗ್ ನಿಷೇಧ, ಅಂಗಡಿಯಲ್ಲಿ ಕೆಲಸ ಕಡಿಮೆ. ಆ 61 ದಿನಗಳಲ್ಲಿ ಅದೇ ಹಳೆ ಕಂಪ್ಯೂಟರಿಗೆ ಹೊಸ ಡಿಸ್ಕ್ ಹಾಕಿಸಿ, ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್, ಅದರಲ್ಲಿ ವಿಂಡೋಸ್ ಪ್ರೋಗ್ರಾಂ ಓಡಿಸಲು ವೈನ್ ಹಾಕಿಕೊಂಡೆ.

ವೈನ್ ಅಂದರೆ ಲಿನಕ್ಸ್ ಒಳಗೆ ಇನ್ನೊಂದು ವಿಂಡೋಸ್ ಓಡಿಸುವುದಲ್ಲ. ಪ್ರೋಗ್ರಾಂ ವಿಂಡೋಸನ್ನು ಏನು ಕೇಳುತ್ತದೋ ಅದನ್ನು ಆಗಿಂದಾಗಲೇ ಲಿನಕ್ಸಿಗೆ ಅರ್ಥವಾಗುವಂತೆ ದಾಟಿಸುತ್ತದೆ. ವಿಂಡೋಸ್ ಲೈಸೆನ್ಸ್ ಬೇಡ, 4 ಜಿಬಿ ರ‍್ಯಾಮ್ ಧಾರಾಳ ಸಾಕು. 1993ರಿಂದ ಇದರ ಕೆಲಸ ನಡೆಯುತ್ತಿದೆ. 1.0 ಬಂದದ್ದು 2008ರಲ್ಲಿ. ಹದಿನೈದು ವರ್ಷ ಬಿಡದೆ ದುಡಿದಿದ್ದಾರೆ, ಅದನ್ನು ನಮಗೆ ಪುಕ್ಕಟೆ ಕೊಟ್ಟಿದ್ದಾರೆ. ನನಗಂತೂ ಅವರ ಮೇಲೆ ತುಂಬ ಗೌರವ.

ಮೊದಲ ಎರಡು ದಿನ ಪ್ರೋಗ್ರಾಂ ತೆರೆಯಲೇ ಇಲ್ಲ. ವೈನ್ ತಾನಾಗಿ ಮಾಡಿಕೊಳ್ಳುವ ಫೋಲ್ಡರ್ 64 ಬಿಟ್‌ನದು. ನಮ್ಮಂಥ ಹಳೆ ಪ್ರೋಗ್ರಾಂಗೆ 32 ಬಿಟ್‌ನದನ್ನು ಬೇರೆಯೇ ಮಾಡಿಕೊಳ್ಳಬೇಕಿತ್ತು. ಆಮೇಲೆ, ಪ್ರೋಗ್ರಾಂಗೆ ಬೇಕಾದ ವಿಂಡೋಸ್ ಭಾಗಗಳನ್ನು ವೈನಿಗೆ ಸೇರಿಸಿಕೊಡುವ ವೈನ್‌ಟ್ರಿಕ್ಸ್‌ನಲ್ಲಿ ವಿಬಿ6 ರನ್‌ಟೈಮ್, ಡೇಟಾಬೇಸ್ ಓದಲು ಬೇಕಾದ ಎಂಡಿಎಸಿ, ಜೆಟ್ 4.0 ಹಾಕಿದೆ. ಲೆಕ್ಕವೆಲ್ಲ ಇರುವ ಆ್ಯಕ್ಸೆಸ್ ಡೇಟಾಬೇಸ್ ತೆರೆದುಕೊಂಡಿತು. ಬೋಟುಗಳ ಹೆಸರಿಗೆ ನುಡಿ ಫಾಂಟನ್ನು ವೈನಿನ ಫಾಂಟ್ಸ್ ಫೋಲ್ಡರಿಗೆ ಹಾಕಿದ್ದೇ ತಡ, ಅಕ್ಷರಗಳೂ ಸರಿಯಾಗಿ ಬಂದವು.

ನಿಜವಾಗಿ ಹೆದರಿಕೆಯಾದದ್ದು ಸೀಸನ್ ಶುರುವಾದ ಮೇಲೆ. ಒಬ್ಬರು ತಾಂಡೇಲರು (ಬೋಟ್ ನಡೆಸುವವರು) ಚೀಟಿ ಹಿಡಿದು ಬಂದರು. "ಮೇ ತಿಂಗಳಲ್ಲಿ ನಾನು ಪಂಪ್ ತಗೊಂಡದ್ದೇ ಇಲ್ವಲ್ಲ ಮಾರಾಯ್ರೆ!" ನೋಡಿದರೆ ಆಗಸ್ಟ್ 5ಕ್ಕೆ 05/08 ಎಂದು ಬರೆದದ್ದು 08/05, ಅಂದರೆ ಮೇ 8 ಆಗಿ ಕೂತಿದೆ. 13ನೇ ತಾರೀಕಿನಿಂದಾಚೆ ಎಲ್ಲ ಸರಿ, ಅದಕ್ಕೇ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ವೈನ್ ತಾರೀಕಿನ ಕ್ರಮವನ್ನು ಲಿನಕ್ಸಿನ ಸೆಟ್ಟಿಂಗ್‌ನಿಂದ ತೆಗೆದುಕೊಳ್ಳುತ್ತದೆ. ನಾನು ಅಲ್ಲಿ ಅಮೆರಿಕದ ಇಂಗ್ಲಿಷನ್ನೇ ಬಿಟ್ಟಿದ್ದೆ. ಇಂಡಿಯಾ ಎಂದು ಬದಲಾಯಿಸಿದ ಮೇಲೆ ತೊಂದರೆ ಹೋಯಿತು. ಆದರೆ ತಪ್ಪಾಗಿದ್ದ ಬಿಲ್ಲುಗಳನ್ನು ಚೀಟಿ ನೋಡಿ ಒಂದೊಂದಾಗಿ ತಿದ್ದಿದೆ. ಸಾಲದ ಲೆಕ್ಕದಲ್ಲಿ ತಾರೀಕು ತಪ್ಪಿದರೆ ನಂಬಿಕೆಯೇ ಹೋಗುತ್ತದೆ ಅಲ್ವಾ? ನೀವು ಹಾಕುವುದಾದರೆ ಮೊದಲು ಇದನ್ನೇ ನೋಡಿ.

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ನಡೆಯುತ್ತದೆ, ಆದರೆ ನಿಧಾನ. ಅಕ್ಷರವನ್ನೂ ಚಿತ್ರದ ಹಾಗೆ ಚುಕ್ಕಿ ಚುಕ್ಕಿಯಾಗಿ ಕುಟ್ಟುತ್ತದೆ. ಯುಎಸ್‌ಬಿ ಡಾಂಗಲ್ (ಲೈಸೆನ್ಸಿನ ಕೀಲಿಯಂತೆ ಚುಚ್ಚಿಡುವ ಸಣ್ಣ ಸಾಧನ) ಬೇಕೆನ್ನುವ ಇನ್ನೊಂದು ಸಾಫ್ಟ್‌ವೇರ್ ಮಾತ್ರ ಕೊನೆಗೂ ಓಡಲಿಲ್ಲ. ಡಾಂಗಲ್ಲಿನ ವಿಂಡೋಸ್ ಡ್ರೈವರ್ ವೈನ್‌ನಲ್ಲಿ ಕೂರುವುದಿಲ್ಲ. ಅಂಥದ್ದಿದ್ದವರು ಸುಮ್ನೆ ಸಮಯ ಹಾಳು ಮಾಡಿಕೊಳ್ಳಬೇಡಿ.

ಬ್ಯಾಕಪ್ ವಿಷಯದಲ್ಲಿ ನನಗೆ ಪೂರ್ತಿ ಸಮಾಧಾನ. ಪ್ರೋಗ್ರಾಂ, ಫಾಂಟ್, ಲೆಕ್ಕ ಎಲ್ಲ ವೈನಿನ ಒಂದೇ ಫೋಲ್ಡರಿನಲ್ಲಿದೆ. ಪೆನ್‌ಡ್ರೈವಿಗೆ ನೇರವಾಗಿ ಕಾಪಿ ಮಾಡಿದರೆ ಅದರೊಳಗಿನ ಲಿಂಕ್‌ಗಳು ಹೋಗುತ್ತವೆ, ಟಾರ್ ಫೈಲ್ (ಇಡೀ ಫೋಲ್ಡರನ್ನು ಒಂದೇ ಫೈಲಾಗಿ ಕಟ್ಟಿದ್ದು) ಮಾಡಿಯೇ ಹಾಕಬೇಕು. ಕಳೆದ ಮಳೆಗಾಲ ಸಿಡಿಲಿಗೆ ಕಂಪ್ಯೂಟರ್ ಸುಟ್ಟಾಗ ಆ ಫೈಲನ್ನು ಮಗಳ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಬಿಚ್ಚಿದೆ. ಮಧ್ಯಾಹ್ನದ ಊಟಕ್ಕೆ ಮೊದಲೇ ಬೋಟುಗಳ ಖಾತೆಯೆಲ್ಲ ತೆರೆದುಕೊಂಡಿತ್ತು.