ಜೋಲಿ, ತೊಟ್ಟಿಲು, ನೆಲದ ಹಾಸಿಗೆ: ಹಗಲು ನಿದ್ದೆಗೆ ಯಾವುದು?

ಹಗಲು ಹೊತ್ತು ಮಗು ಮಲಗ್ತಿಲ್ಲ ಅಂತ ಯಾರ ಹತ್ತಿರ ಹೇಳಿದರೂ ಮೊದಲು ಬರುವ ಮಾತು, "ಜೋಲಿ ಕಟ್ಟಮ್ಮಾ". ಬಾಣಂತನಕ್ಕೆ ತವರಿಗೆ ಹೋದಾಗ ಜೋಲಿ, ಅಲ್ಲೇ ಅಟ್ಟದಿಂದ ಇಳಿಸಿದ ಮರದ ತೊಟ್ಟಿಲು, ಬೆಂಗಳೂರಿಗೆ ಬಂದ ಮೇಲೆ ನೆಲದ ಹಾಸಿಗೆ. ಮೂರನ್ನೂ ಬಳಸಿದ್ದೇನೆ. ನನ್ನ ಓಟು ಹಾಸಿಗೆಗೆ.

ಬೇಗ ಮಲಗಿಸುವ ವಿಷಯದಲ್ಲಿ ಮಾತ್ರ ಜೋಲಿಗೆ ಸಾಟಿಯಿಲ್ಲ. ಮೆತ್ತಗಾದ ಹಳೇ ಹತ್ತಿ ಸೀರೆ, ತೊಲೆಗೆ ಬಿಗಿದ ಗಂಟು, ಅಷ್ಟೇ. ಬಟ್ಟೆ ಎರಡೂ ಕಡೆಯಿಂದ ಅಪ್ಪಿ ಹಿಡಿಯುವುದರಿಂದ ಮಗು ಬೆಚ್ಚಿ ಬೀಳುವುದು ಕಮ್ಮಿ. ನಾಲ್ಕು ಸಲ ತೂಗುವಷ್ಟರಲ್ಲಿ ಕಣ್ಣು ವಾಲುತ್ತದೆ. ಆಮೇಲಿನದೇ ತಾಪತ್ರಯ. ಎಳೆ ಮಕ್ಕಳ ನಿದ್ದೆ ಸುಮಾರು 45–50 ನಿಮಿಷಕ್ಕೊಮ್ಮೆ ತೆಳುವಾಗುತ್ತದೆ. ತೂಗಾಟದಲ್ಲೇ ನಿದ್ದೆ ಹೋದ ಮಗು ಆಗ ಮತ್ತೆ ತೂಗಾಟವನ್ನೇ ಹುಡುಕುತ್ತದೆ. ತವರಲ್ಲಿ ಇದು ಗೊತ್ತೇ ಆಗಲಿಲ್ಲ. ಜೋಲಿಗೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಅಮ್ಮನ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿರುತ್ತಿತ್ತು. ಕೈ ಅವರೆಕಾಯಿ ಸುಲಿಯುತ್ತಿದ್ದರೆ ಕಾಲು ಜೋಲಿ ಎಳೆಯುತ್ತಿತ್ತು. ಬೆಂಗಳೂರಿನ ಫ್ಲಾಟಿನಲ್ಲಿ ತೊಲೆಯೂ ಇಲ್ಲ, ಆ ಕಾಲೂ ಇಲ್ಲ.

ಇನ್ನೊಂದು ಚಿಂತೆಯೂ ಇದೆ. ಜೋಲಿಯಲ್ಲಿ ಮಗುವಿನ ಬೆನ್ನು ಬಾಗಿ ಗಲ್ಲ ಎದೆಗೆ ತಾಗುತ್ತದೆ. ಕತ್ತು ಗಟ್ಟಿಯಾಗದ ಮಗುವಿಗೆ ಉಸಿರಿನ ದಾರಿ ಇಕ್ಕಟ್ಟಾಗಬಹುದು. ಅಮೆರಿಕದ ಮಕ್ಕಳ ವೈದ್ಯರ ಸಂಘ 2022ರಲ್ಲಿ ಕೊಟ್ಟ ಸಲಹೆಯಲ್ಲಿ, ಮಗುವನ್ನು ಅಂಗಾತ, ಗಟ್ಟಿಯಾದ ಸಮತಟ್ಟು ಜಾಗದಲ್ಲಿ ಮಲಗಿಸಬೇಕು, ಇಳಿಜಾರು 10 ಡಿಗ್ರಿ ಮೀರಬಾರದು ಎಂದಿದೆ. "ನಾವೆಲ್ಲ ಜೋಲೀಲೇ ಬೆಳೆದಿಲ್ವಾ?" ಅಂತ ದೊಡ್ಡಮ್ಮ ಕೇಳಿದರು. ಬೆಳೆದಿದ್ದೇವೆ. ಪಕ್ಕದಲ್ಲಿ ಸದಾ ಒಬ್ಬರು ಕೂತಿರುತ್ತಿದ್ದರು ಕೂಡ.

ಮರದ ತೊಟ್ಟಿಲು ನೋಡೋಕೆ ಚೆಂದ, ನಾಮಕರಣದ ಫೋಟೋಗೆ ಸರಿ. ತಳ ಸಮವಾಗಿರುವುದು ಒಳ್ಳೆಯದು. ಆದರೆ ಹಳೇ ತೊಟ್ಟಿಲುಗಳ ಕಂಬಿ ದೂರ ದೂರ ಇರುತ್ತವೆ, ಸಂದು 6 ಸೆಂಟಿಮೀಟರ್ ದಾಟಿದರೆ ಬೇಡ. ಒಳಗೆ ಮೆತ್ತನೆ ಗಾದಿ, ತಲೆ ದುಂಡಗಾಗಲಿ ಅಂತ ಸಾಸಿವೆ ದಿಂಬು ಇಡುವ ರೂಢಿ ಬೇರೆ. ಆ ದಿಂಬನ್ನು ತೆಗೆಸುವುದಕ್ಕೆ ನಾನು ಪಟ್ಟ ಪಾಡು ಮಗು ಮಲಗಿಸುವುದಕ್ಕೂ ಪಟ್ಟಿಲ್ಲ.

ನೆಲದ ಹಾಸಿಗೆ ಎಲ್ಲಕ್ಕಿಂತ ನಿಧಾನ. ಶುರುವಿನಲ್ಲಿ ಕೆಳಗಿಟ್ಟ ಕೂಡಲೇ ಅಳು. ಕೆಲಸ ಮಾಡಿದ್ದು ಸರಿಯಾದ ಹೊತ್ತು ನೋಡಿ ಮಲಗಿಸಿದ್ದು. ನಾಲ್ಕು ತಿಂಗಳ ಹತ್ತಿರದ ಮಗು ಒಂದೂವರೆಯಿಂದ ಎರಡು ಗಂಟೆ ಎಚ್ಚರ ಇದ್ದರೆ ದಣಿಯುತ್ತದೆ. ನಮ್ಮವಳ ಗುರುತು: ಆಟಿಕೆಯಿಂದ ಮುಖ ತಿರುಗಿಸಿ ಗೋಡೆಯನ್ನೇ ನೋಡುತ್ತಾಳೆ, ಹುಬ್ಬಿನ ಮೇಲೆ ತೆಳು ಕೆಂಪು ಏರುತ್ತದೆ. ಕಣ್ಣು ಉಜ್ಜಿ ರಚ್ಚೆ ಹಿಡಿಯುವವರೆಗೆ ಕಾದರೆ ಕೆಟ್ಟಿತು. ಕೆಂಪು ಕಂಡ ತಕ್ಷಣ ಪರದೆ ಎಳೆದು, ಹಾಲು ಕುಡಿಸಿ, ತೇಗು ಬರಿಸಿ, ಕಣ್ಣು ಪೂರ್ತಿ ಮುಚ್ಚುವ ಮುಂಚೆಯೇ ಕೆಳಗೆ ಮಲಗಿಸುತ್ತೇನೆ. ತೊಡೆ ಮೇಲೆ ನಿಧಾನಕ್ಕೆ ತಟ್ಟುತ್ತೇನೆ, ತಟ್ಟುವುದನ್ನು ದಿನ ಕಳೆದಂತೆ ಕಮ್ಮಿ ಮಾಡಿದೆ. ಈಗ ಮಧ್ಯಾಹ್ನದ ನಿದ್ದೆ ಮಾತ್ರ ಆ 45–50 ನಿಮಿಷದ ಸುತ್ತು ದಾಟಿ ಮುಂದೆ ಹೋಗುತ್ತದೆ. ಬೆಳಿಗ್ಗೆ, ಸಂಜೆಯದು ಇನ್ನೂ ಚುಟುಕೇ. ಅದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 4ರಿಂದ 11 ತಿಂಗಳ ಮಕ್ಕಳಿಗೆ ಹೇಳುವುದು ದಿನಕ್ಕೆ ಒಟ್ಟು 12–16 ಗಂಟೆ. ರಾತ್ರಿಯದು, ಹಗಲಿನದು ಎಲ್ಲ ಸೇರಿ.

ನೆಲಕ್ಕೂ ತನ್ನದೇ ಕಾಟ ಇದೆ. ಹಾಲಿನ ಹನಿ ಬಿದ್ದರೆ ಇರುವೆ ಹಾಜರ್, ಹಾಸುವ ಮುಂಚೆ ಒರೆಸಲೇಬೇಕು. ಮಡಚುವ ಛತ್ರಿ ಸೊಳ್ಳೆಪರದೆ ಸಾಕು, ಆದರೆ ಮಗು ಮಗುಚಿಕೊಂಡು ಅದರ ಅಂಚಿಗೆ ಹೋಗುವ ಹಾಗಾದರೆ ದೊಡ್ಡದು ಬೇಕು.

ಲಸಿಕೆ ಹಾಕಿಸಿದ ದಿನ ಇದ್ಯಾವುದೂ ನಡೆಯುವುದಿಲ್ಲ. ಅವತ್ತು ಹೆಗಲೇ ಗತಿ. ಸ್ಟ್ಯಾಂಡ್ ಜೋಲಿ ಕೊಂಡೇ ಕೊಳ್ಳುತ್ತೇವೆ ಅನ್ನುವವರು ಸ್ಪ್ರಿಂಗ್ ಎಷ್ಟು ಕಿಲೋ ತಡೆಯುತ್ತದೆ ಅಂತ ಕೇಳಿಕೊಳ್ಳಿ. ನಿದ್ದೆ ಹತ್ತಿದ ಮೇಲೆ ಎತ್ತಿ ಹಾಸಿಗೆಗೆ ಬದಲಾಯಿಸಿ. ಎಚ್ಚರ ಆದರೆ ಆಗಲಿ, ಮತ್ತೆ ತಟ್ಟಿದರಾಯ್ತು.