ಬೈಕಿಗೆ ಗಾಳಿ ಹೊಡೆಯೋ ಬ್ಯಾಟರಿ ಪಂಪ್: ಎರಡೂವರೆ ವರ್ಷ ಬಳಸಿದ ಮೇಲೆ

ಬೆಂಗಳೂರಿಂದ ಮೂಡಿಗೆರೆ ಹತ್ರ ನಮ್ಮೂರಿಗೆ ಸುಮಾರು 250 ಕಿಲೋಮೀಟರ್, ತಿಂಗಳಿಗೊಂದು ಸಲ ಪಲ್ಸರ್ 150ಲ್ಲಿ ಹೋಗಿ ಬರ್ತೀನಿ. ಈ ಪಂಪಿಗೆ 2,600 ರೂಪಾಯಿ ಕೊಟ್ಟಿದ್ದೆ, ಟ್ಯಾಂಕ್ ಬ್ಯಾಗಲ್ಲಿ ಆರಾಮಾಗಿ ಕೂರುತ್ತೆ. ಬ್ರ್ಯಾಂಡ್ ಹೆಸರು ಹಾಕ್ತಿಲ್ಲ, ಯಾಕಂದ್ರೆ ಫ್ರೆಂಡ್ಸ್ ಹತ್ರ ಇರೋ ಬೇರೆ ಎರಡು ಕಂಪನಿಯ ಪಂಪ್‌ಗಳನ್ನೂ ನೋಡಿದೀನಿ, ಈ ಸೈಜಿನ ಪಂಪಿನ ಗುಣ ದೋಷ ಎಲ್ಲಾ ಹೆಚ್ಚುಕಮ್ಮಿ ಒಂದೇ. ತಗೊಂಡ ವಾರದಲ್ಲೇ ಸೂಪರ್ ಅಂತ ಬರೆದಿರೋ ರಿವ್ಯೂ ಬೇಕಾದಷ್ಟಿವೆ, ನಾನು ರಸ್ತೇಲಿ ನಿಂತು ಬಳಸಿರೋದನ್ನ ಬರೀತೀನಿ.

ಹೋದ ಡಿಸೆಂಬರಲ್ಲಿ ಅಮ್ಮನ್ನ ಕೂರಿಸ್ಕೊಂಡು ಊರಿಗೆ ಹೋಗ್ತಿದ್ದೆ. ಬೇಲೂರು ದಾಟಿ ಮೂಡಿಗೆರೆ ಕಡೆ ಕಾಫಿ ತೋಟಗಳು ಶುರುವಾದ ಮೇಲೆ, ಸಂಜೆ ಆರೂವರೆ ಇರಬೇಕು, ಹಿಂದಗಡೆ ಬೈಕ್ ತೇಲಿದ ಹಾಗೆ ಆಯ್ತು, ತಿರುವಲ್ಲಿ ಸೊಂಟ ಅಲ್ಲಾಡಿಸಿದಂಗೆ. ತಕ್ಷಣ ನಿಲ್ಲಿಸ್ದೆ. "ಏನಾಯ್ತೋ ಮಗಾ?" ಅಂದ್ರು ಅಮ್ಮ. ಕೈಯಲ್ಲಿ ಟೈರ್ ತಿರುಗಿಸ್ತಾ ನೋಡಿದ್ರೆ ಬೇಲಿ ತಂತಿ ಚೂರು, ಬೆರಳಿನ ಅರ್ಧದಷ್ಟು, ನೆಟ್ಟಗೆ ಚುಚ್ಕೊಂಡಿದೆ. ನಂದು ಟ್ಯೂಬ್‌ಲೆಸ್, ಅಂದ್ರೆ ಒಳಗೆ ಟ್ಯೂಬ್ ಇಲ್ಲದ ಟೈರ್. ಪಂಪ್ ಪೈಪ್ ಹಾಕಿದ್ರೆ 6 ಪಿಎಸ್ಐ (ಗಾಳಿ ಒತ್ತಡದ ಅಳತೆ) ತೋರಿಸ್ತು. ಅಮ್ಮ ಮೋರಿ ಕಟ್ಟೆ ಮೇಲೆ ಕೂತು ಮೊಬೈಲ್ ಟಾರ್ಚ್ ಹಿಡಿದ್ರು, ನಾನು ಕಟಿಂಗ್ ಪ್ಲೈಯರಲ್ಲಿ ತಂತಿ ಕಿತ್ತು, ತೂತನ್ನ ಅರದಿಂದ ಉಜ್ಜಿ, ಗಮ್ ಹಚ್ಚಿದ ರಬ್ಬರ್ ಸ್ಟ್ರಿಪ್ಪನ್ನ ಪಂಚರ್ ಕಿಟ್ಟಿನ ಸೂಜಿಯಲ್ಲಿ ತುರುಕಿ, ಸೂಜಿ ಎಳೆದು, ಉಳಿದ ಬಾಲ ಕತ್ತರಿಸಿ, ಪಂಪ್ ಆನ್ ಮಾಡ್ದೆ. ನಮ್ಮ ಗಾಡಿಯ ಹಿಂದಿನ ಟೈರಿಗೆ ಒಬ್ಬರೇ ಓಡಿಸಿದ್ರೆ 28, ಇಬ್ಬರಿದ್ರೆ 32, ಮುಂದಿನ ಟೈರಿಗೆ 25. 6ರಿಂದ 32ಕ್ಕೆ ಬರೋಕೆ ಏಳು ನಿಮಿಷ ಹಿಡೀತು, ಸದ್ದು ಎಷ್ಟಪ್ಪಾ ಅಂದ್ರೆ ತೋಟದ ಒಳಗಿಂದ ನಾಯಿಗಳು ಬೊಗಳೋಕೆ ಶುರು ಮಾಡಿದ್ವು. ಸ್ಟ್ರಿಪ್ ಮೇಲೆ ಬಾಟ್ಲಿ ನೀರು ಹಾಕಿ ಗುಳ್ಳೆ ಬರ್ತಿಲ್ಲ ಅಂತ ಖಾತ್ರಿ ಮಾಡ್ಕೊಂಡು ಹೊರಟ್ವಿ. ಆ ಕತ್ತಲಲ್ಲಿ ಅಮ್ಮನ್ನ ರಸ್ತೆ ಪಕ್ಕ ಕೂರಿಸ್ಕೊಂಡು ಪಂಚರ್ ಅಂಗಡಿ ಹುಡುಕೋ ಪರಿಸ್ಥಿತಿ ಬರಲಿಲ್ವಲ್ಲ, ಅದೊಂದಕ್ಕೇ ನಂಗೆ ಕೊಟ್ಟ ದುಡ್ಡು ವಸೂಲಾಯ್ತು.

ಆದ್ರೆ ಇದನ್ನ ನಂಬ್ಕೊಂಡು ಗಾಳಿ ಇಲ್ಲದ ಟೈರಲ್ಲೇ ಸ್ವಲ್ಪ ದೂರ ಓಡಿಸೋಣ ಅಂದ್ಕೋಬೇಡಿ. ನಾನೊಂದ್ಸಲ ಹಾಸನ ರೋಡಲ್ಲಿ ನಿಲ್ಲಿಸೋಕೆ ಜಾಗ ಸರಿ ಇಲ್ಲ ಅಂತ ಒಂದೂವರೆ ಕಿಲೋಮೀಟರ್ ಹಾಗೇ ಉರುಳಿಸಿದ್ದೆ, ಟೈರಿನ ಅಂಚು ರಿಮ್ಮಿಂದ ಒಳಗೆ ಜಾರಿಬಿಟ್ಟಿತ್ತು. ಆಮೇಲೆ ಈ ಪಂಪ್ ಎಷ್ಟು ಓಡಿದ್ರೂ ಗಾಳಿ ಎಲ್ಲಾ ಪಕ್ಕದ ಸಂದಿಂದ ಹೊರಗೆ, ಪಿಎಸ್ಐ ಸೊನ್ನೆ ಬಿಟ್ಟು ಮೇಲೇಳಲಿಲ್ಲ. ಅಂಚು ಮತ್ತೆ ರಿಮ್ಮಿಗೆ ಕೂರಬೇಕಂದ್ರೆ ಒಂದೇ ಸಲಕ್ಕೆ ಜೋರಾಗಿ ಗಾಳಿ ನುಗ್ಗಬೇಕು, ಅಷ್ಟು ಗಾಳಿ ಒಟ್ಟಿಗೆ ಕೊಡೋ ಶಕ್ತಿ ಈ ಚಿಕ್ಕ ಮೋಟರಿಗಿಲ್ಲ. ಗೂಡ್ಸ್ ಆಟೋದಲ್ಲಿ ಹಾಕ್ಕೊಂಡು ಹೋದೆ, ಪಂಚರ್ ಅಂಗಡಿಯಣ್ಣ ವಾಲ್ವ್ ಪಿನ್ ಬಿಚ್ಚಿ ದೊಡ್ಡ ಕಂಪ್ರೆಸರ್ ಪೈಪ್ ಇಟ್ರು, ಟಪ್ ಟಪ್ ಅಂತ ಎರಡು ಸದ್ದು, ಟೈರ್ ಕೂತ್ಕೊಂಡ್ತು. ಅವತ್ತಿಂದ ಟೈರ್ ಮೆತ್ತಗಾಯ್ತು ಅನ್ನಿಸಿದ ಕೂಡ್ಲೇ ನಿಲ್ಲಿಸ್ತೀನಿ.

ಟ್ಯೂಬ್ ಟೈರ್ ಇರೋರು ಇನ್ನೊಂದು ತಿಳ್ಕೊಳ್ಳಿ. ಚಿಕ್ಕಪ್ಪನ ಮಗನ ಗಾಡೀದು ಸ್ಪೋಕ್ ವೀಲ್, ಒಳಗೆ ಟ್ಯೂಬ್. ನಿಧಾನಕ್ಕೆ ಇಳಿಯೋ ಪಂಚರ್ ಆದ್ರೆ ಗಾಳಿ ಹೊಡೆದು ಅಂಗಡಿ ತನಕ ಹೋಗಬಹುದು, ಟ್ಯೂಬ್ ಹರಿದ್ರೆ ಚಕ್ರ ಬಿಚ್ಚಲೇಬೇಕು, ಅಲ್ಲಿ ಸ್ಟ್ರಿಪ್ಪೂ ಪಂಪೂ ಉಪಯೋಗಕ್ಕೆ ಬರಲ್ಲ.

ಮೀಟರ್ ಬಗ್ಗೆ ನಂಗೆ ಬೇಜಾರಿದೆ. ಮೊದಲ ವರ್ಷ ಸರಿಯಾಗೇ ಇತ್ತು, ಈಗ ನಿಜಕ್ಕಿಂತ 3 ಪಿಎಸ್ಐ ಜಾಸ್ತಿ ತೋರಿಸುತ್ತೆ, ಬೇರೆ ಮುಳ್ಳಿನ ಗೇಜ್ ತಂದು ಹೋಲಿಸಿದಾಗ್ಲೇ ಗೊತ್ತಾಗಿದ್ದು. ಜೊತೆಗೆ ಪೈಪ್ ಬಿಚ್ಚುವಾಗ ಫುಸ್ ಅಂತ ಒಂದು ಪಿಎಸ್ಐ ಹೋಗುತ್ತೆ. ಹಾಗಾಗಿ 28 ಬೇಕಂದ್ರೆ 32ಕ್ಕೆ ಸೆಟ್ ಮಾಡ್ತೀನಿ, ಆಮೇಲೆ ಗೇಜಲ್ಲಿ ನೋಡ್ತೀನಿ. ಬೆಳಗ್ಗೆ ಗಾಡಿ ತೆಗೆಯೋಕೆ ಮುಂಚೆ ನೋಡ್ಬೇಕು, ಓಡಿ ಬಿಸಿಯಾದ ಟೈರ್ ಮೂರ್ನಾಲ್ಕು ಪಿಎಸ್ಐ ಜಾಸ್ತಿ ತೋರಿಸುತ್ತೆ, ಕಂಪನಿ ಕೊಡೋ ಲೆಕ್ಕ ತಣ್ಣಗಿರೋ ಟೈರಿಂದು. ನಿಜ ಹೇಳ್ಬೇಕಂದ್ರೆ ಪಂಚರಿಗಿಂತ ಈ ಕೆಲಸಕ್ಕೇ ಪಂಪ್ ಜಾಸ್ತಿ ಬಳಸಿರೋದು, ವಾರಕ್ಕೊಂದ್ಸಲ ಮನೆ ಮುಂದೆ. ಬಂಕಲ್ಲಿ ಕೆಲವು ಕಡೆ ಯಾವ ಬೈಕ್ ಬಂದ್ರೂ 40 ಹೊಡೆದು ಕಳಿಸ್ತಾರೆ, ಮಳೆಗಾಲದಲ್ಲಿ ಅಷ್ಟು ಗಟ್ಟಿ ಟೈರಲ್ಲಿ ಘಾಟಿ ಇಳಿಯೋದು ಅಪಾಯ ಕಣ್ರೀ, ದಯವಿಟ್ಟು ನಿಮ್ಮ ಗಾಡಿ ಲೆಕ್ಕ ನೀವೇ ನೋಡ್ಕೊಳ್ಳಿ.

ಪೈಪಿನ ತುದಿಯ ಹಿತ್ತಾಳೆ ನಟ್ ಐದು ನಿಮಿಷ ಓಡಿದ್ಮೇಲೆ ಕೆಂಡದ ಥರ ಸುಡುತ್ತೆ, ಅಮ್ಮ ಇದ್ದ ದಿನ ಬರಿಗೈಯಲ್ಲಿ ಮುಟ್ಟಿ ಹೆಬ್ಬೆರಳಿಗೆ ಬೊಬ್ಬೆ ಬಂತು. ದಪ್ಪ ಬಟ್ಟೆ ಇಲ್ಲಾ ಗ್ಲೌಸ್ ಹಾಕಿ ಬಿಚ್ಚಿ. ಪೈಪ್ ಬೇರೆ ಗಿಡ್ಡ ಮತ್ತೆ ಬಿರುಸು, ಹಿಂದಿನ ಚಕ್ರದ ವಾಲ್ವಿಗೆ ಬಗ್ಗಿಸೋದು ಕಷ್ಟ ಅಂತ ಎಲ್ ಆಕಾರದ ಅಡಾಪ್ಟರ್ ತಗೊಂಡೆ, ಈಗ ಸಲೀಸು.

ಚಾರ್ಜಿಂಗ್ ಪೋರ್ಟ್ ಟೈಪ್ ಸಿ ಇದೆ, ಆದ್ರೆ ಎರಡೂ ತುದಿ ಸಿ ಇರೋ ಕೇಬಲ್ ಹಾಕಿದ್ರೆ ಚಾರ್ಜೇ ಆಗಲ್ಲ, ಒಂದು ಕಡೆ ಹಳೇ ಅಗಲದ ಯುಎಸ್‌ಬಿ ಇರೋ ಕೇಬಲ್ಲೇ ಬೇಕು. ಕೆಟ್ಟೋಯ್ತು ಅಂದ್ಕೊಂಡು ವಾಪಸ್ ಕಳಿಸೋಕೆ ಹೊರಟಿದ್ದೆ. ಹೊಸದ್ರಲ್ಲಿ ಒಂದು ಚಾರ್ಜಿಗೆ ಪೂರ್ತಿ ಖಾಲಿ ಇರೋ ನಾಲ್ಕು ಬೈಕ್ ಟೈರ್ ತುಂಬ್ತಿತ್ತು, ಈಗ ಎರಡು ತುಂಬೋ ಹೊತ್ತಿಗೆ ಕೆಂಪು ಲೈಟ್ ಬರುತ್ತೆ. ಸುಮ್ನೆ ಬ್ಯಾಗಲ್ಲಿ ಬಿದ್ದಿದ್ರೂ ಎರಡ್ಮೂರು ತಿಂಗಳಲ್ಲಿ ತಾನಾಗೇ ಇಳಿಯುತ್ತೆ, ಅದಕ್ಕೇ ಊರಿಗೆ ಹೊರಡೋ ಹಿಂದಿನ ರಾತ್ರಿ ಮೊಬೈಲ್ ಜೊತೆ ಇದನ್ನೂ ಚಾರ್ಜಿಗೆ ಹಾಕ್ತೀನಿ, ಗಮ್ ಟ್ಯೂಬ್ ಒತ್ತಿ ಒಣಗಿಲ್ಲ ಅಂತಾನೂ ನೋಡ್ಕೋತೀನಿ.

ಇನ್ನೊಂದು ವರ್ಷ ಬಂದ್ರೆ ಸಾಕು. ಆಮೇಲೆ ಇದೇ ಥರದ್ದೇ ತಗೋತೀನಿ, ಪೈಪ್ ಮಾತ್ರ ಒಂದು ಮೊಳ ಉದ್ದ ಇರ್ಬೇಕು.