ಹಳೆಯ ಜರ್ಮನ್ ಕಾರಿಗೆ ಮುಂಗಡ ಕೊಡುವ ಮೊದಲು ಇದನ್ನೊಮ್ಮೆ ಓದಿ

ಹತ್ತು ವರ್ಷ ದಾಟಿದ ಜರ್ಮನ್ ಕಾರೊಂದು ಹೊಸ ಸಣ್ಣ ಕಾರಿಗಿಂತ ಅಗ್ಗಕ್ಕೆ ಸಿಗುತ್ತಿದೆ ಎಂದಾದರೆ, ಅದರ ರಿಪೇರಿಯ ಎಸ್ಟಿಮೇಟ್ ಯಾರದೋ ಕೈಯಲ್ಲಿ ಆಗಲೇ ಇರಬಹುದೆಂದು ಸಂಶಯಪಡಿ. ನನ್ನ ವಿಷಯದಲ್ಲಿ ಅದು ನಿಜಕ್ಕೂ ಇತ್ತು. ಕಾಗದದ ಮೇಲೆ, ತಾರೀಖಿನೊಂದಿಗೆ, 3,12,000 ರೂಪಾಯಿಯ ಮೊತ್ತದೊಂದಿಗೆ ಇತ್ತು. ಕಾರು ಮಾರಿದವನಿಗೆ ಅದು ಗೊತ್ತಿತ್ತು. ಕೊಂಡ ನನಗೆ ಮಾತ್ರ ಗೊತ್ತಿರಲಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರು ಇಂಥ ಕಾರುಗಳನ್ನು ವಿಚಾರಿಸುತ್ತಿರುವುದನ್ನು ಈಚೆಗೆ ಕೇಳುತ್ತಲೇ ಇದ್ದೇನೆ. ಮನೆಯವರು ಬೇಡವೆಂದರೂ, ನಾಲ್ಕು ಜನ ಓದಿ ನಗುತ್ತಾರೆಂದು ತಿಳಿದಿದ್ದರೂ ಇದನ್ನು ಬರೆಯುತ್ತಿರುವುದು ಅದಕ್ಕಾಗಿಯೇ.

ಕಾರು 2014ರ ಮಾದರಿಯ ಡೀಸೆಲ್ ಸೆಡಾನ್. ಏಳು ಗೇರಿನ ಡ್ಯುಯಲ್ ಕ್ಲಚ್ ಆಟೋಮ್ಯಾಟಿಕ್, ಬೆಂಗಳೂರು ನೋಂದಣಿಯದು. ಕಾರವಾರದಲ್ಲಿ ಹಳೆಯ ಕಾರುಗಳನ್ನು ಮಾರಿಸಿಕೊಡುವ ಒಬ್ಬ ವ್ಯಾಪಾರಿಯ ಅಂಗಳದಲ್ಲಿ ಅದು ನಿಂತಿತ್ತು. ಅವನ ಹೆಸರನ್ನಾಗಲಿ, ಕಾರು ತಯಾರಿಸಿದ ಕಂಪನಿಯ ಹೆಸರನ್ನಾಗಲಿ ನಾನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ವಿಷಯ ಈಗ ಗ್ರಾಹಕ ಆಯೋಗದ ಮುಂದಿದೆ. ಚಾಲಿ ಅಡಿಕೆ ಮಾರಿದ ದುಡ್ಡು ಕೈಯಲ್ಲಿತ್ತು. ಮಾತುಕತೆ ಇಂಥ ವ್ಯವಹಾರಗಳಲ್ಲಿ ಹೇಗೆ ನಡೆಯುತ್ತದೋ ಹಾಗೆಯೇ ನಡೆಯಿತು: ಅವನು ಐದೂಕಾಲು ಎಂದ, ನಾನು ನಾಲ್ಕು ಎಂದೆ, ಚಹಾ ಬಂತು, ಕೊನೆಗೆ ನಾಲ್ಕು ಲಕ್ಷ ಅರವತ್ತೈದು ಸಾವಿರಕ್ಕೆ ನಿಂತಿತು. “ಒಂದು ರೂಪಾಯಿ ಖರ್ಚಿಲ್ಲ ಸರ್, ಡೀಸೆಲ್ ಹಾಕಿ ಓಡಿಸೋದು ಅಷ್ಟೇ” ಎಂಬ ಮಾತನ್ನು ಅವನು ಅಂದು ಎಷ್ಟು ಸಲ ಹೇಳಿದನೋ ಲೆಕ್ಕವಿಲ್ಲ. ಸರ್ವಿಸ್ ಪುಸ್ತಕ ಕೇಳಿದಾಗ, ಹಳೆಯ ಮಾಲೀಕರು ಮನೆ ಬದಲಿಸುತ್ತಿದ್ದಾರೆ, ಸಾಮಾನಿನ ನಡುವೆ ಎಲ್ಲೋ ಸೇರಿದೆ, ಕೊರಿಯರ್ ಮಾಡಿಸುತ್ತೇನೆ ಎಂದ. ಆ ಕೊರಿಯರ್ ಇಂದಿಗೂ ಬಂದಿಲ್ಲ.

ಓಡಿಸಿ ನೋಡಲು ಕೊಡಲಿಲ್ಲವೇ ಎಂದು ಈಗ ಎಲ್ಲರೂ ಕೇಳುತ್ತಾರೆ. ಕೊಟ್ಟ. ಕೋಡಿಬಾಗದಿಂದ ಕಾಳಿ ಸೇತುವೆ ದಾಟಿ ಸದಾಶಿವಗಡದವರೆಗೆ ಹೋಗಿ ಬಂದೆವು. ಚತುಷ್ಪಥ ಹೆದ್ದಾರಿ, ಬಹುಮಟ್ಟಿಗೆ ಸಮತಟ್ಟು, ಕಾರು ಬೆಣ್ಣೆಯಲ್ಲಿ ಕೂದಲು ಎಳೆದಂತೆ ಸಾಗಿತು. ಕೈಗಾ ರಸ್ತೆಯ ಏರಿನಲ್ಲಿ ಒಮ್ಮೆ ಹತ್ತಿಸಿ ನೋಡೋಣವೆಂದು ನಾನೇ ಬಾಯಿಬಿಟ್ಟು ಕೇಳಿದೆ. “ಡೀಸೆಲ್ ಕಡಿಮೆ ಇದೆ ಸರ್, ಇನ್ನೊಂದು ಪಾರ್ಟಿ ನೋಡೋಕೆ ಬರ್ತಾ ಇದ್ದಾರೆ” ಎಂದು ಅವನು ಕಾರನ್ನು ಹಿಂದಿರುಗಿಸಿದ. ಆ ಏರು ಅವನಿಗೆ ಏಕೆ ಬೇಡವಾಗಿತ್ತು ಎಂಬುದು ನನಗೆ ಗೊತ್ತಾದದ್ದು ದೇವಿಮನೆ ಘಾಟಿಯಲ್ಲಿ.

ಕುಮಟೆಯಲ್ಲಿ ಸಂಬಂಧಿಕರ ಮನೆಯ ಉಪನಯನ ಮುಗಿಸಿ ಶಿರಸಿಗೆ ಹಿಂದಿರುಗುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಅತ್ತೆ, ಮಾವ. ಮುಂದೆ ಲಾರಿಯೊಂದು ತೆವಳುತ್ತಿತ್ತು, ಅದರ ಹಿಂದೆ ನಾವು ನಿಲ್ಲುತ್ತ ಸಾಗುತ್ತ ಹತ್ತುತ್ತಿದ್ದೆವು. ಮೊದಲು ಗೇರ್ ತೋರಿಸುವ ಅಕ್ಷರ ಮಿನುಗತೊಡಗಿತು, ಅನಂತರ ಸ್ಪ್ಯಾನರಿನ ಗುರುತು ಬಂತು, ಅನಂತರ ಆಕ್ಸಿಲರೇಟರ್ ತುಳಿದರೆ ಎಂಜಿನ್ ಕೂಗುತ್ತದೆಯೇ ಹೊರತು ಕಾರು ಚಲಿಸುವುದಿಲ್ಲ. ಬದಿಗೆ ಸರಿಸೋಣವೆಂದರೆ ರಿವರ್ಸ್ ಕೂಡ ಬೀಳಲಿಲ್ಲ. ತಿರುವಿನ ನಡುವೆ ನಾನು, ಹಿಂದೆ ಎರಡು ಬಸ್ಸು. ಕೊನೆಗೆ ಬಸ್ಸಿನ ಪ್ರಯಾಣಿಕರೇ ಇಳಿದು, ನ್ಯೂಟ್ರಲಿಗೆ ಹಾಕಿಸಿ, ಕಾರನ್ನು ಅಂಚಿಗೆ ತಳ್ಳಿದರು. ಉಪನಯನದಿಂದ ಬರುತ್ತಿದ್ದ ನಮ್ಮವರೇ ಹಲವರು ಆ ಸಾಲಿನಲ್ಲಿದ್ದರು. “ಭಾವ, ಜರ್ಮನಿ ಎತ್ತು ಘಟ್ಟ ಹತ್ತಿದ್ದಿಲ್ಯ?” ಎಂದು ಒಬ್ಬ ಕಿಟಕಿಯಿಂದ ತಲೆ ಹೊರಹಾಕಿ ಕೇಳಿದ್ದು ಇಂದಿಗೂ ಕಿವಿಯಲ್ಲಿದೆ.

ಅಲ್ಲಿಂದಲೇ ವ್ಯಾಪಾರಿಗೆ ಫೋನ್ ಮಾಡಿದೆ. ಅವನ ಉತ್ತರ ಹೀಗಿತ್ತು: “ಜರ್ಮನ್ ಗಾಡಿ ಅಲ್ವಾ ಸರ್, ಒಮ್ಮೊಮ್ಮೆ ನಕರಾ ಮಾಡ್ತದೆ. ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಸ್ಟಾರ್ಟ್ ಮಾಡಿ.” ವಿಚಿತ್ರವೆಂದರೆ ತಣಿದ ಮೇಲೆ ಕಾರು ನಿಜವಾಗಿಯೂ ಚಲಿಸಿತು, ರಾಗಿಹೊಸಳ್ಳಿಯ ಹತ್ತಿರ ಮತ್ತೆ ನಿಂತಿತು. ಇಂಥ ಗೇರ್‌ಬಾಕ್ಸ್ ಇರುವ ಕಾರನ್ನು ಹಗ್ಗ ಕಟ್ಟಿ ಜೀಪಿನಿಂದ ದೂರದವರೆಗೆ ಎಳೆಯುವ ಹಾಗಿಲ್ಲ, ಮುಂದಿನ ಚಕ್ರಗಳು ನೆಲಕ್ಕೆ ತಾಗದಂತೆ ಲಾರಿಯ ಮೇಲೆ ಏರಿಸಿಯೇ ಒಯ್ಯಬೇಕು. ಶಿರಸಿಯಲ್ಲಿ ಮೂವತ್ತು ವರ್ಷದಿಂದ ನಮ್ಮ ಮನೆಯ ವಾಹನಗಳನ್ನು ನೋಡುವ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, ಹಾಗೆಯೇ ಇಳಿಸಿ, “ಇದು ನನ್ನ ಕೈಲಿ ಆಗೋದಲ್ಲ, ಹುಬ್ಬಳ್ಳಿಗೆ ಒಯ್ಯಿರಿ” ಎಂದರು. ದೊಡ್ಡ ಕಾಯಿಲೆ ಬಂದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಓಡಬೇಕಾದ ಜಿಲ್ಲೆ ನಮ್ಮದು. ಆ ಪಟ್ಟಿಗೆ ನನ್ನ ಕಾರೂ ಸೇರಿತು.

ಇಲ್ಲಿ ಸ್ವಲ್ಪ ಯಂತ್ರದ ಮಾತು ಹೇಳಲೇಬೇಕು, ಅದಿಲ್ಲದೆ ನಾನು ಹೇಗೆ ಮೋಸಹೋದೆನೆಂಬುದು ಅರ್ಥವಾಗುವುದಿಲ್ಲ. ಡ್ಯುಯಲ್ ಕ್ಲಚ್ ಎಂದರೆ ಎರಡು ಕ್ಲಚ್: ಒಂದು 1, 3, 5, 7ನೇ ಗೇರುಗಳಿಗೆ, ಇನ್ನೊಂದು 2, 4, 6 ಮತ್ತು ರಿವರ್ಸಿಗೆ. ಯಾವಾಗ ಯಾವ ಕ್ಲಚ್ಚನ್ನು ಒತ್ತಬೇಕೆಂದು ನಿರ್ಧರಿಸುವ ಎಲೆಕ್ಟ್ರಾನಿಕ್ ಫಲಕ, ಒತ್ತುವ ಆಯಿಲ್ ಪಂಪು, ವಾಲ್ವುಗಳು ಎಲ್ಲವೂ ಸೇರಿದ ಒಂದೇ ಭಾಗಕ್ಕೆ ಮೆಕಾಟ್ರಾನಿಕ್ ಎನ್ನುತ್ತಾರೆ. ಅದರಲ್ಲಿ ಆಯಿಲಿನ ಒತ್ತಡವನ್ನು ಹಿಡಿದಿಡುವ ಜಾಗದಲ್ಲಿ ಬಿರುಕು ಬಿಟ್ಟರೆ ಒತ್ತಡ ಇಳಿಯುತ್ತದೆ, ಕ್ಲಚ್ ಹಿಡಿಯುವುದಿಲ್ಲ, ಕಾರು ನಿಲ್ಲುತ್ತದೆ. ಈ ಮಾದರಿಯಲ್ಲಿ ಕ್ಲಚ್ಚುಗಳು ಆಯಿಲಿನಲ್ಲಿ ಮುಳುಗಿರುವುದಿಲ್ಲ, ಒಣ ಕ್ಲಚ್ಚುಗಳು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ವರ್ಷಗಟ್ಟಲೆ ನಿಂತು ಹೊರಟು ನಿಂತು ಹೊರಟ ಕಾರಿನಲ್ಲಿ ಅವು ಕಾದು ಕಾದು ಸವೆದಿರುತ್ತವೆ, ಮೀಟರಿನಲ್ಲಿ ಕಿಲೋಮೀಟರ್ ಕಡಿಮೆ ಕಂಡರೂ ಸವೆತ ಕಡಿಮೆಯಿರುವುದಿಲ್ಲ. ದೋಷ ಬಂದಾಗ ಹೊತ್ತಿಕೊಳ್ಳುವ ದೀಪವನ್ನು ಸ್ಕ್ಯಾನರ್ ಹಾಕಿ ಅಳಿಸಿಬಿಡಬಹುದು, ದೋಷ ಮರುಕಳಿಸುವವರೆಗೆ ದೀಪ ಮತ್ತೆ ಬರುವುದಿಲ್ಲ. ಸಮತಟ್ಟು ರಸ್ತೆಯಲ್ಲಿ, ತಣ್ಣಗಿರುವ ಗೇರ್‌ಬಾಕ್ಸಿನಲ್ಲಿ, ಸದಾಶಿವಗಡದವರೆಗೆ ಹೋಗಿ ಬರುವಷ್ಟು ಹೊತ್ತು ಅದು ಮರುಕಳಿಸಬೇಕಾಗಿಯೂ ಇಲ್ಲ.

ಹುಬ್ಬಳ್ಳಿಯ ಸರ್ವಿಸ್ ಸೆಂಟರಿನಲ್ಲಿ ಕೌಂಟರಿನ ಹುಡುಗ ಚಾಸಿ ನಂಬರನ್ನು ಕಂಪ್ಯೂಟರಿಗೆ ಹಾಕಿದ. ಪರದೆಯನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಪರದೆಯನ್ನು ನೋಡಿದ. “ಸರ್ರ, ಇದಕ್ಕ ಬೆಂಗಳೂರಾಗ ಮೊದಲ ಎಸ್ಟಿಮೇಟ್ ಕೊಟ್ಟಾರಲ್ರೀ? ಮೆಕಾಟ್ರಾನಿಕ್ಕು, ಕ್ಲಚ್ಚು ಎರಡೂ. ಕಸ್ಟಮರ್ ಬ್ಯಾಡ ಅಂದಾರ” ಎಂದ. ನಾನು ಯಾವಾಗ ಎಂದು ಕೇಳಿದೆ. ಅವನು ತಾರೀಖು ಹೇಳಿದ. ನಾನು ಕಾರವಾರದಲ್ಲಿ ಆ ಕಾರನ್ನು ನೋಡುವುದಕ್ಕೆ ಒಂದು ತಿಂಗಳು ಕೂಡ ಹಿಂದಿನದಲ್ಲ. ಮೊತ್ತ ಕೇಳಿದೆ, ಹೇಳಿದ. ನನ್ನ ಹಿಂದೆ ಸಾಲಿನಲ್ಲಿ ನಿಂತವರು ಎಲ್ಲವನ್ನೂ ಕೇಳಿಸಿಕೊಂಡರು. ನಾಲ್ಕೂವರೆ ಲಕ್ಷ ದಾಟಿ ಕೊಟ್ಟ ಕಾರಿಗೆ ಮೂರು ಲಕ್ಷದ ಬಾಕಿ ಬಿಲ್ಲು ಅಂಟಿಕೊಂಡೇ ಬಂದಿತ್ತು ಎಂಬುದನ್ನು, ಅದೂ ಅಪರಿಚಿತರ ಎದುರಿಗೆ, ಕೌಂಟರಿನ ಹುಡುಗನೊಬ್ಬನಿಂದ ತಿಳಿಯುವ ಅವಮಾನವನ್ನು ಹೇಗೆ ಬರೆಯಬೇಕೋ ನನಗೆ ತಿಳಿಯದು. ಎಸ್ಟಿಮೇಟ್ ಮೊದಲೇ ಇತ್ತು. ನಾನು ಚೌಕಾಸಿ ಮಾಡಿ ಅರವತ್ತು ಸಾವಿರ ಇಳಿಸಿದೆನೆಂದು ಹೆಮ್ಮೆಪಟ್ಟುಕೊಂಡ ದಿನವೂ ಅದು ಇತ್ತು.

ಹಳೆಯ ವಿಮಾ ಪಾಲಿಸಿಯಲ್ಲಿದ್ದ ನಂಬರು ಹಿಡಿದು ಬೆಂಗಳೂರಿನ ಹಿಂದಿನ ಮಾಲೀಕರಿಗೆ ಫೋನ್ ಮಾಡಿದಾಗ ಜಗಳಕ್ಕೆ ಸಿದ್ಧನಾಗಿಯೇ ಇದ್ದೆ. ಅವರು ಶಾಂತವಾಗಿ ಹೇಳಿದ ಮಾತು ಜಗಳಕ್ಕಿಂತ ಹೆಚ್ಚು ನೋಯಿಸಿತು: “ನಾನು ಯಾವುದನ್ನೂ ಮುಚ್ಚಿಡಲಿಲ್ಲ ಸರ್. ಎಸ್ಟಿಮೇಟ್ ಕಾಗದ, ಸರ್ವಿಸ್ ಪುಸ್ತಕ ಎರಡನ್ನೂ ಅವರ ಕೈಗೇ ಕೊಟ್ಟಿದ್ದೇನೆ. ರಿಪೇರಿ ಖರ್ಚು ಕಳೆದೇ ಎರಡು ಲಕ್ಷದ ಚಿಲ್ಲರೆಗೆ ಬಿಟ್ಟುಕೊಟ್ಟೆ.” ಅಂದರೆ ಕೆಟ್ಟ ಗೇರ್‌ಬಾಕ್ಸಿಗಾಗಿ ಮಾಲೀಕರು ಬಿಟ್ಟ ರಿಯಾಯಿತಿ ವ್ಯಾಪಾರಿಯ ಜೇಬಿಗೆ ಹೋಯಿತು, ಗೇರ್‌ಬಾಕ್ಸ್ ನನ್ನ ಪಾಲಿಗೆ ಬಂತು.

ಅನಂತರ ವ್ಯಾಪಾರಿ ಕೊಟ್ಟ ಉತ್ತರಗಳನ್ನು ಇಲ್ಲಿ ಸಾಲಾಗಿ ಬರೆಯುತ್ತೇನೆ, ಏಕೆಂದರೆ ನಿಮಗೂ ಇವೇ ಸಿಗುತ್ತವೆ. ಮೊದಲು, ಎಸ್ಟಿಮೇಟ್ ಎಂಬುದೇ ಇಲ್ಲ ಎಂದ. ಪರದೆಯ ಫೋಟೋ ಕಳಿಸಿದ ಮೇಲೆ, “ಕಂಪನಿಯವರು ಸುಮ್ಮನೆ ಹೆದರಿಸ್ತಾರೆ ಸರ್, ಎಲ್ಲ ಗಾಡಿಗೂ ಹೀಗೇ ಬರೀತಾರೆ” ಎಂದ. ಮಾಲೀಕರು ಹೇಳಿದ್ದನ್ನು ತಿಳಿಸಿದಾಗ, “ನಾನು ಬರೀ ಮಧ್ಯದವ, ಕಮಿಷನ್ ಅಷ್ಟೇ ನಂದು, ನೀವು ನೀವೇ ಮಾತಾಡ್ಕೊಳ್ಳಿ” ಎಂದ. ಎರಡು ಲಕ್ಷದ ಚಿಲ್ಲರೆಗೆ ತಂದು ನಾಲ್ಕು ಅರವತ್ತೈದಕ್ಕೆ ಮಾರುವುದು ಯಾವ ಸೀಮೆಯ ಕಮಿಷನ್ ಎಂದು ಕೇಳಿದ್ದಕ್ಕೆ ಆ ದಿನ ಉತ್ತರ ಬರಲಿಲ್ಲ. ಮರುದಿನ ಡೆಲಿವರಿ ನೋಟಿನ ಫೋಟೋ ಬಂತು. ವಾಹನವನ್ನು ಇದ್ದ ಸ್ಥಿತಿಯಲ್ಲಿ ನೋಡಿ ಒಪ್ಪಿ ಪಡೆದಿದ್ದೇನೆ ಎಂಬ ಇಂಗ್ಲಿಷ್ ಸಾಲಿನ ಕೆಳಗೆ ನನ್ನ ಸಹಿ ಇತ್ತು. ಇದ್ದ ಸ್ಥಿತಿಯನ್ನು ತೋರಿಸುವ ಕಾಗದ ತನ್ನ ಮೇಜಿನ ಡ್ರಾಯರಿನಲ್ಲಿರುವಾಗಲೇ ಆ ಸಹಿ ಹಾಕಿಸಿಕೊಂಡವನು ಅವನು.

ಎಲ್ಲಕ್ಕಿಂತ ಉರಿ ಹತ್ತಿಸಿದ್ದು ಕೊನೆಯ ಮಾತು. ಕಾರನ್ನು ವಾಪಸ್ ತೆಗೆದುಕೋ, ಹಣ ಹಿಂದಿರುಗಿಸು ಎಂದು ಮುಖತಃ ಹೋಗಿ ಕೇಳಿದಾಗ ಅವನು ಕಾರಿನ ಸುತ್ತ ಒಂದು ಸುತ್ತು ಬಂದು, ತಲೆ ಕೆರೆದುಕೊಂಡು ಹೇಳಿದ: “ತಗೊಳ್ಳೋಣ ಸರ್, ಬೇಡ ಅನ್ನೋದಿಲ್ಲ. ಆದರೆ ಮೆಕಾಟ್ರಾನಿಕ್ ಕಂಪ್ಲೇಂಟ್ ಇರೋ ಗಾಡಿ ಅಲ್ವಾ, ಒಂದೂವರೆ ಮೇಲೆ ಬರೋದಿಲ್ಲ.” ಮಾರುವಾಗ ಇಲ್ಲದ ಕಾಯಿಲೆ ಕೊಳ್ಳುವಾಗ ಅವನ ಬಾಯಿಂದಲೇ ಹೆಸರು ಸಮೇತ ಹೊರಬಿತ್ತು.

ಕೊನೆಗೆ ಬೆಂಗಳೂರಿನ ಒಂದು ಖಾಸಗಿ ಗ್ಯಾರೇಜಿನಲ್ಲಿ ಮೆಕಾಟ್ರಾನಿಕ್ಕನ್ನು ಬಿಚ್ಚಿ ಸರಿಪಡಿಸಿ, ಕ್ಲಚ್ ಸೆಟ್ ಹೊಸದು ಹಾಕಿಸಿದೆ. ಲಾರಿಯ ಬಾಡಿಗೆ ಸೇರಿ 1,74,000 ರೂಪಾಯಿ. ಅಲ್ಲಿಗೆ ಮುಗಿಯಿತೆಂದುಕೊಳ್ಳಬೇಡಿ. ಟೈಮಿಂಗ್ ಬೆಲ್ಟ್ ಬದಲಿಸಿದ ದಾಖಲೆ ಎಲ್ಲಿಯೂ ಸಿಗಲಿಲ್ಲ. ಓಡುತ್ತಿರುವಾಗ ಅದು ತುಂಡಾದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹಾಳಾಗುತ್ತದೆ, ಹಾಗಾಗಿ ಬೆಲ್ಟು, ಜೊತೆಗೆ ವಾಟರ್ ಪಂಪು, ಮೂವತ್ತೆಂಟು ಸಾವಿರ. ಚಕ್ರವನ್ನು ಹಿಡಿದಿಡುವ ಕೆಳಗಿನ ಆರ್ಮಿನ ರಬ್ಬರ್ ಬುಷ್ ಹರಿದಿದ್ದರೆ ಬುಷ್ ಮಾತ್ರ ಸಿಗುವುದಿಲ್ಲ, ಇಡೀ ಆರ್ಮನ್ನೇ ಕೊಳ್ಳಿ ಎಂದರು. ಎಂಜಿನ್ ತಣಿಸುವ ಕೂಲಂಟ್ ದ್ರವದಲ್ಲಿ ಮೊದಲು ಯಾರೋ ಬೇರೆ ಜಾತಿಯದನ್ನು ಬೆರೆಸಿದ್ದರಿಂದ ಒಳಗೆ ಕೆಸರು ಕಟ್ಟಿತ್ತು, ಅದನ್ನು ತೊಳೆಸಿದ್ದಕ್ಕೆ ಬೇರೆ ಬಿಲ್ಲು. ಇನ್ನು ನಮ್ಮ ಮಲೆನಾಡಿನ ಇಲಿಗಳ ವಿಷಯ ಗೊತ್ತೇ ಇದೆ, ಮಳೆಗಾಲದಲ್ಲಿ ಬೆಚ್ಚಗಿನ ಬಾನೆಟ್ ಅವುಗಳಿಗೆ ಬಾಣಂತಿ ಕೋಣೆ. ಹಳೆಯ ಜೀಪಿನ ವೈರ್ ಕಡಿದರೆ ಊರಿನ ಎಲೆಕ್ಟ್ರಿಷಿಯನ್ ಟೇಪು ಸುತ್ತಿ ಕೊಡುತ್ತಿದ್ದ; ಇಲ್ಲಿ ವೈರಿಂಗ್ ಸೆಟ್ಟನ್ನೇ ಬದಲಿಸಬೇಕೆಂದರು, ನಾನು ಬೇಡವೆಂದು ಟೇಪನ್ನೇ ಸುತ್ತಿಸಿದೆ. ಹೀಗೆ ಸವೆದು ಕೆಟ್ಟದ್ದಕ್ಕೆ ವಿಮೆ ಒದಗುವುದಿಲ್ಲ. ಸವೆತಕ್ಕೆ ವಿಮೆಯಿಲ್ಲ ಎಂಬ ಸಾಲು ಪ್ರತಿ ಪಾಲಿಸಿಯಲ್ಲೂ ಇರುತ್ತದೆ. ಕಾರು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಹೆದ್ದಾರಿಯಲ್ಲಿ ಅದು ಹಿಡಿಯುವ ನೆಲ, ಬಾಗಿಲು ಮುಚ್ಚುವ ಸದ್ದು, ಎಲ್ಲವೂ ನಿಜ. ಆದರೆ ಅದರ ಬಿಡಿಭಾಗಗಳ ಬೆಲೆ ಅದು ಹೊಸದಾಗಿದ್ದಾಗಿನ ಅಂತಸ್ತಿನದ್ದೇ ಹೊರತು, ನಾವು ಕೊಟ್ಟ ನಾಲ್ಕು ಲಕ್ಷದ ಅಂತಸ್ತಿನದ್ದಲ್ಲ.

ಕೊಳ್ಳಲೇಬೇಕೆಂದಿರುವವರಿಗೆ ಇಷ್ಟು ಹೇಳುತ್ತೇನೆ. ಚಾಸಿ ನಂಬರು ಪಡೆದು, ಮಾಲೀಕರ ಒಪ್ಪಿಗೆಯೊಂದಿಗೆ, ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಇತಿಹಾಸ ತೆಗೆಸಿ. ಮಾಡಿದ ರಿಪೇರಿಗಿಂತ ಬೇಡವೆಂದ ರಿಪೇರಿಯನ್ನು ಮುಖ್ಯವಾಗಿ ಕೇಳಿ. ಹಿಂದಿನ ಮಾಲೀಕರೊಡನೆ ನೇರವಾಗಿ ಮಾತಾಡಿಸದ ವ್ಯಾಪಾರಿಯ ಬಳಿ ಚಹಾ ಕೂಡ ಕುಡಿಯಬೇಡಿ. ನಿಮ್ಮದೇ ಸ್ಕ್ಯಾನರಿನವನನ್ನು ಕರೆದೊಯ್ಯಿರಿ, ಕಾರನ್ನು ಚೆನ್ನಾಗಿ ಕಾಯಿಸಿ, ಏರಿನಲ್ಲಿ ನಿಲ್ಲಿಸಿ, ಮತ್ತೆ ಹೊರಡಿಸಿ, ರಿವರ್ಸ್ ಹಾಕಿ ನೋಡಿ. ಹಳೆಯ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್, ಅಂದರೆ ವಿಮೆಯ ಹಣ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ, ಸೊನ್ನೆಯಿದ್ದರೆ ಏಕೆಂದು ಕೇಳಿ. ಹಳೆಯ ವಾಹನಗಳ ವ್ಯಾಪಾರಿಗಳು 2023ರ ಏಪ್ರಿಲ್ 1ರಿಂದ ಆರ್‌ಟಿಒ ಕಚೇರಿಯಿಂದ ಅಧಿಕೃತ ಪತ್ರ ಪಡೆದಿರಬೇಕೆಂಬ ಕೇಂದ್ರದ ನಿಯಮವಿದೆ. ಮಾಲೀಕರು ನಮೂನೆ 29ಸಿ ಮೂಲಕ ತಿಳಿಸಿ ವಾಹನ ಒಪ್ಪಿಸಿದ ಮೇಲೆ ಅಂಥ ವ್ಯಾಪಾರಿಯನ್ನೇ ಮಾಲೀಕನೆಂದು ಪರಿಗಣಿಸಲಾಗುತ್ತದೆ, “ನಾನು ಬರೀ ಮಧ್ಯದವ” ಎಂಬ ಮಾತಿಗೆ ಆಗ ಎಡೆಯಿರುವುದಿಲ್ಲ. ಆ ಪತ್ರ ತೋರಿಸು ಎಂದು ಕೇಳಿದಾಗ ನಮ್ಮವನು ನಕ್ಕುಬಿಟ್ಟ.

ಕಾರವಾರದ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಸಲ್ಲಿಸಿದ್ದೇನೆ. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಸಲ್ಲಿಸಬೇಕು. ಮೊದಲು ಸಲಹೆ ಬೇಕಾದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಬೆಂಗಳೂರಿನ ಹಿಂದಿನ ಮಾಲೀಕರು ತಾವು ಕಾಗದ ಒಪ್ಪಿಸಿದ್ದನ್ನು ಬರೆದುಕೊಡಲು ಒಪ್ಪಿದ್ದಾರೆ. ವ್ಯಾಪಾರಿ ಈಗ ನನ್ನ ಫೋನ್ ಎತ್ತುತ್ತಿಲ್ಲ, ಆದರೆ ಅವನ ಅಂಗಳದಲ್ಲಿ ಇದೇ ಗೇರ್‌ಬಾಕ್ಸಿನ ಇನ್ನೊಂದು ಬೆಂಗಳೂರು ಕಾರು ಬಂದು ನಿಂತಿದೆ, ಅದಕ್ಕೂ ಒಂದು ರೂಪಾಯಿ ಖರ್ಚಿಲ್ಲವಂತೆ. ಕಾರವಾರದ ಕಡೆಯಿಂದ ಇಂಥ ಕಾರು ಕೊಂಡು ಇದೇ ಬಗೆಯ ಡೆಲಿವರಿ ನೋಟಿಗೆ ಸಹಿ ಹಾಕಿದವರಿದ್ದರೆ ಆ ಕಾಗದವನ್ನೂ ವ್ಯಾಪಾರಿಯ ಸಂದೇಶಗಳನ್ನೂ ಅಳಿಸದೆ ಇಟ್ಟುಕೊಳ್ಳಿ, ನಿಮ್ಮ ಚಾಸಿ ನಂಬರಿನ ಇತಿಹಾಸವನ್ನು ಈ ವಾರವೇ ತೆಗೆಸಿ.